ಬಸುರಿಯ ಜ್ವರಕ್ಕೆ ಮದ್ದು: ಪರೀಕ್ಷೆಯೂ ಬೇಕು, ಕಾವಲೂ ಬೇಕು

ಗರ್ಭಿಣಿಗೆ ಜ್ವರ ಬಂದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ವರ್ತನೆ ಕಂಡುಬರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾದೀತೆಂಬ ಅಂಜಿಕೆಯಿಂದ ಯಾವ ಮಾತ್ರೆಯನ್ನೂ ಕೊಡದೆ, ಒದ್ದೆ ಬಟ್ಟೆ, ಕಷಾಯ, ದಮ್ ಮಾಡಿಸಿದ ನೀರು ಇವುಗಳಲ್ಲೇ ಎರಡು ಮೂರು ದಿನ ಕಳೆಯುವುದು ಒಂದು. ಬೀದಿಯ ಮೂಲೆಯ ಮೆಡಿಕಲ್ ಶಾಪಿಗೆ ಮನೆಯ ಹುಡುಗನನ್ನು ಕಳುಹಿಸಿ, ಜ್ವರ ಬಂದಿರುವುದು ಬಸುರಿಗೆಂಬುದನ್ನೇ ಹೇಳದೆ ನಾಲ್ಕು ಮಾತ್ರೆ ತರಿಸಿ ನುಂಗಿಸುವುದು ಇನ್ನೊಂದು. ಮೊದಲನೆಯದು ಭಯ, ಎರಡನೆಯದು ಉಡಾಫೆ. ಆದರೆ ಇವೆರಡರ ಬೇರೂ ಒಂದೇ. ಬಸುರಿಗೆ ಯಾವ ಔಷಧಿ ಹಿತ, ಯಾವುದು ಅಹಿತ ಎಂಬುದನ್ನು ಬಲ್ಲವರನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆದಿಲ್ಲ. ಹಾಗೆ ಕೇಳಿದರೂ ಎಷ್ಟೋ ಔಷಧಿಗಳ ಬಗ್ಗೆ ವೈದ್ಯರ ಬಳಿಯೇ ಖಚಿತವಾದ ಉತ್ತರವಿರುವುದಿಲ್ಲ ಎಂಬುದು ಮತ್ತಷ್ಟು ಕಳವಳದ ಸಂಗತಿ.

ಆ ಉತ್ತರ ಏಕಿಲ್ಲ? ಕಾರಣ ಸರಳವಾಗಿದೆ. ಹೊಸ ಔಷಧಿಗಳನ್ನು ಪರೀಕ್ಷಿಸುವಾಗ ಗರ್ಭಿಣಿಯರನ್ನು ದಶಕಗಳ ಕಾಲ ಹೊರಗಿಡುತ್ತಾ ಬರಲಾಗಿದೆ. ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಮಲೇರಿಯಾ. ಹಾಗಾದರೆ ಗರ್ಭಿಣಿಯರ ಮೇಲೆ ಮಲೇರಿಯಾ ಔಷಧಿಗಳನ್ನು ಪರೀಕ್ಷಿಸುವುದು ನ್ಯಾಯವೇ? ಹೌದಾದರೆ ಯಾವ ಷರತ್ತುಗಳ ಮೇಲೆ? ನಾಳೆ ನಂಜನಗೂಡಿನ ಅಥವಾ ಟಿ. ನರಸೀಪುರದ ಒಬ್ಬ ಸಹೋದರಿಯ ಮುಂದೆ ಅಂಥದೊಂದು ಒಪ್ಪಿಗೆ ಪತ್ರ ಬಂದು ನಿಂತರೆ ಆಕೆ ಏನು ಮಾಡಬೇಕು, ಆಕೆಯ ಮನೆಯವರು ಏನು ಮಾಡಬೇಕು? ಈ ಪ್ರಶ್ನೆಗಳನ್ನು ವೈದ್ಯರಿಗೂ ಅಧಿಕಾರಿಗಳಿಗೂ ಬಿಟ್ಟು ಸಮುದಾಯ ಸುಮ್ಮನಿರಲಾಗದು ಎಂದು ನಾವು ಭಾವಿಸುತ್ತೇವೆ.

ಕಪಿಲೆಯ ದಡದ ನಂಜನಗೂಡು, ಕಾವೇರಿ ಮತ್ತು ಕಪಿಲೆಯರು ಕೂಡುವ ಟಿ. ನರಸೀಪುರ, ಇವೆರಡೂ ನೀರಿನ ನಾಡು. ನಾಲೆ, ಗದ್ದೆ, ಕೆರೆಗಳು ಇಲ್ಲಿ ಅನ್ನ ಕೊಟ್ಟಿವೆ. ಆದರೆ ನೀರು ಬಂದಲ್ಲಿ ಸೊಳ್ಳೆಯೂ ಬರುತ್ತದೆಂಬ ಪಾಠವನ್ನು ಹಳೆಯ ಮೈಸೂರು ಸಂಸ್ಥಾನ ಕಷ್ಟಪಟ್ಟೇ ಕಲಿತಿತು. 1930ರ ದಶಕದಲ್ಲಿ ಪಕ್ಕದ ಮಂಡ್ಯ ಸೀಮೆಗೆ ಇರ್ವಿನ್ ನಾಲೆಯ (ಇಂದಿನ ವಿಶ್ವೇಶ್ವರಯ್ಯ ನಾಲೆ) ನೀರು ಹರಿದ ಬೆನ್ನಲ್ಲೇ ಚಳಿಜ್ವರವೂ ಹರಡಿತು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ತಜ್ಞರು ಸಂಸ್ಥಾನದ ಆರೋಗ್ಯ ಇಲಾಖೆಯೊಂದಿಗೆ ಸೇರಿ ಈ ಭಾಗದಲ್ಲಿ ಮಲೇರಿಯಾದ ಅಧ್ಯಯನ ನಡೆಸಿದ್ದು ಅದೇ ಕಾಲದಲ್ಲಿ. ಸ್ವಾತಂತ್ರ್ಯಾನಂತರ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1965ರ ಹೊತ್ತಿಗೆ ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಪ್ರಕರಣಗಳಿಗೆ ಇಳಿದಿದ್ದ ರೋಗ, ಅಲಕ್ಷ್ಯದ ಫಲವಾಗಿ 1976ರಲ್ಲಿ 64 ಲಕ್ಷವನ್ನು ಮೀರಿತು. ಗೆದ್ದೆವೆಂದು ಕೈಚೆಲ್ಲಿ ಕುಳಿತವರಿಗೆ ಇತಿಹಾಸ ಕೊಟ್ಟ ಎಚ್ಚರಿಕೆಯದು.

ಇಂದು ಪರಿಸ್ಥಿತಿ ಬಹಳ ಸುಧಾರಿಸಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಸರಕಾರದ ಲೆಕ್ಕದಂತೆ 2015ರಲ್ಲಿ ದೇಶದಲ್ಲಿ 11,69,261 ಮಲೇರಿಯಾ ಪ್ರಕರಣಗಳಿದ್ದವು. 2023ರಲ್ಲಿ ಅವು 2,27,564ಕ್ಕೆ ಇಳಿದವು. ಸಾವುಗಳ ಸಂಖ್ಯೆ 384ರಿಂದ 83ಕ್ಕೆ ಬಂತು. 2030ರೊಳಗೆ ರೋಗವನ್ನು ಸಂಪೂರ್ಣ ನಿರ್ಮೂಲನ ಮಾಡುವ ಗುರಿಯಿದೆ. ಹೀಗಿರುವಾಗ ಮೈಸೂರು ಸೀಮೆಯವರು ಈ ವಿಷಯದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇನು ಎಂದು ಕೆಲವರು ಕೇಳಬಹುದು.

ಅಗತ್ಯವಿದೆ. ಮಲೇರಿಯಾ ಸದಾ ಇರುವ ಊರುಗಳ ಜನರ ದೇಹದಲ್ಲಿ ಅದನ್ನು ಎದುರಿಸುವ ಶಕ್ತಿ ಸ್ವಲ್ಪಮಟ್ಟಿಗಾದರೂ ಬೆಳೆದಿರುತ್ತದೆ. ರೋಗ ಅಪರೂಪವಾದ ಊರಿನವರಿಗೆ ಆ ರಕ್ಷಣೆಯಿರುವುದಿಲ್ಲ. ಅಂಥ ಊರಿನ ಗರ್ಭಿಣಿಗೆ ಅದು ತಗುಲಿದರೆ ಹೆಚ್ಚು ಉಗ್ರವಾಗುವ ಸಂಭವವೇ ಅಧಿಕ. ಅಲ್ಲದೆ ನಮ್ಮ ಪಟ್ಟಣಗಳ ಜನ ಒಂದೆಡೆ ನಿಲ್ಲುವವರಲ್ಲ. ಕಟ್ಟಡದ ಕೆಲಸ, ಲಾರಿ, ವ್ಯಾಪಾರ, ಮದುವೆ, ಬಾಣಂತನ ಎಂದು ಊರಿಂದೂರಿಗೆ ಹೋಗಿ ಬರುವವರು. 2010ರ ದಶಕದಲ್ಲಿ ರಾಜ್ಯದ ಮಲೇರಿಯಾದ ಬಹುಪಾಲು ವರದಿಯಾಗುತ್ತಿದ್ದುದು ಮಂಗಳೂರಿನಿಂದ. ಕಟ್ಟಡಗಳಲ್ಲಿ ನಿಂತ ನೀರು, ಮುಚ್ಚಳವಿಲ್ಲದ ಟ್ಯಾಂಕುಗಳಲ್ಲಿ ಬೆಳೆಯುವ ಸೊಳ್ಳೆಯೇ ಅಲ್ಲಿನ ಮುಖ್ಯ ಕಾರಣವಾಗಿತ್ತು. ರೋಗ ಅಪರೂಪವಾದಂತೆ ವೈದ್ಯರಿಗೂ ಅದರ ನೆನಪು ಮಾಸುತ್ತದೆ. ಜ್ವರ ಎಂದೊಡನೆ ಡೆಂಗಿ, ಟೈಫಾಯ್ಡ್ ಎನ್ನುವವರ ನಡುವೆ ಮಲೇರಿಯಾದ ರಕ್ತಪರೀಕ್ಷೆ ಹಿಂದೆ ಬೀಳುತ್ತದೆ.

ಮಲೇರಿಯಾ ಬಸುರಿಗೆ ಏನು ಮಾಡುತ್ತದೆ? ಫಾಲ್ಸಿಪೇರಮ್ ಜಾತಿಯ ರೋಗಾಣು ಹೊಕ್ಕ ರಕ್ತಕಣಗಳು ತಾಯಿ ಮತ್ತು ಮಗುವನ್ನು ಬೆಸೆಯುವ ಮಾಸಿನಲ್ಲಿ (ಸತ್ತೆ ಎಂದೂ ಕರೆಯುತ್ತೇವೆ) ಅಂಟಿಕೊಂಡು ನಿಲ್ಲುತ್ತವೆ. ಮಗುವಿಗೆ ತಲುಪಬೇಕಾದ ಪೋಷಣೆ ಅಲ್ಲಿಯೇ ತಡೆಯಲ್ಪಡುತ್ತದೆ. ತಾಯಿಗೆ ರಕ್ತಹೀನತೆ, ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಸತ್ತು ಹುಟ್ಟುವ ಮಗು, ತೂಕ ಕಡಿಮೆಯಿರುವ ಮಗು, ಇವೆಲ್ಲ ಅದರ ಫಲಗಳು. ಮಾಸಿನಲ್ಲಿ ಅವಿತ ರೋಗಾಣು ಬೆರಳ ತುದಿಯ ರಕ್ತದಲ್ಲಿ ಕಾಣದೆ ಹೋಗುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಆಫ್ರಿಕಾದ 33 ದೇಶಗಳಲ್ಲಿ ಸುಮಾರು 3 ಕೋಟಿ 60 ಲಕ್ಷ ಬಸುರುಗಳ ಪೈಕಿ 1 ಕೋಟಿ 24 ಲಕ್ಷ ಬಸುರುಗಳು ಮಲೇರಿಯಾಕ್ಕೆ ತುತ್ತಾದವು. ಆದ್ದರಿಂದ ಔಷಧಿಗೆ ಹೆದರಿ ಸುಮ್ಮನಿರುವುದು ಮಗುವನ್ನು ರಕ್ಷಿಸುವ ದಾರಿಯಲ್ಲ. ರೋಗವೇ ಮಗುವಿನ ಮೊದಲ ಶತ್ರು.

ಇನ್ನು ಮದ್ದಿನ ವಿಚಾರ. ವೈವಾಕ್ಸ್ ಜಾತಿಯ ಮಲೇರಿಯಾಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಕ್ಲೋರೋಕ್ವಿನ್ ಗರ್ಭಿಣಿಗೂ ಕೊಡಬಹುದಾದ ಔಷಧಿ. ಆದರೆ ಯಕೃತ್ತಿನಲ್ಲಿ ಅಡಗಿ ಕುಳಿತು ಮತ್ತೆ ಮತ್ತೆ ಜ್ವರ ತರುವ ರೋಗಾಣುವನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆಯನ್ನು ಬಸುರಿಗೆ ಕೊಡುವಂತಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಅದು ರಕ್ತಕಣಗಳನ್ನು ಒಡೆಯುತ್ತದೆ. ತಾಯಿಯ ರಕ್ತವನ್ನು ಪರೀಕ್ಷಿಸಬಹುದು, ಗರ್ಭದಲ್ಲಿರುವ ಮಗುವಿನ ರಕ್ತವನ್ನು ಪರೀಕ್ಷಿಸುವುದು ಹೇಗೆ? ಡಾಕ್ಸಿಸೈಕ್ಲಿನ್ ಕೂಡ ಬಸುರಿಗೆ ವರ್ಜ್ಯ. ಮನೆಯಲ್ಲಿ ಗಂಡನಿಗೆ ಬರೆದುಕೊಟ್ಟ ಮಲೇರಿಯಾ ಮಾತ್ರೆಯಲ್ಲಿ ಉಳಿದದ್ದನ್ನು ಹೆಂಡತಿಗೆ ಕೊಡುವ ಪದ್ಧತಿ ಎಷ್ಟು ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಫಾಲ್ಸಿಪೇರಮ್ ಮಲೇರಿಯಾದ ಕಥೆ ಇನ್ನಷ್ಟು ಬೋಧಪ್ರದ. ಚೀನಾದ ವಿಜ್ಞಾನಿ ತು ಯೂಯೂ ಅವರು ಹಳೆಯ ವೈದ್ಯಗ್ರಂಥವೊಂದರ ಸುಳಿವು ಹಿಡಿದು ಗಿಡವೊಂದರಿಂದ ಆರ್ಟಿಮಿಸಿನಿನ್ ಎಂಬ ಮದ್ದನ್ನು ಬೇರ್ಪಡಿಸಿದರು. 1972ರಲ್ಲಿ ರೋಗಿಗಳಿಗೆ ಕೊಡುವ ಮೊದಲು ಅವರೂ ಅವರ ಇಬ್ಬರು ಸಹೋದ್ಯೋಗಿಗಳೂ ತಾವೇ ಆ ಮದ್ದಿನ ಸಾರವನ್ನು ಸೇವಿಸಿ ಪರೀಕ್ಷಿಸಿಕೊಂಡರು. 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಲಕ್ಷಾಂತರ ಜೀವಗಳನ್ನು ಉಳಿಸಿದ ಈ ಮದ್ದು ಬಸುರಿನ ಮೊದಲ ಮೂರು ತಿಂಗಳಲ್ಲಿ ಮಾತ್ರ ನಿಷಿದ್ಧವಾಗಿಯೇ ಉಳಿಯಿತು. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಭ್ರೂಣಕ್ಕೆ ಹಾನಿ ಕಂಡಿದ್ದುದೇ ಅದಕ್ಕೆ ಕಾರಣ. ಆ ಮೂರು ತಿಂಗಳಲ್ಲಿ ಬಸುರಿಗೆ ಉಳಿದದ್ದು ಶತಮಾನಗಳಷ್ಟು ಹಳೆಯ ಕ್ವಿನೈನ್. ದಿನಕ್ಕೆ ಮೂರು ಬಾರಿ, ಏಳು ದಿನ, ಕಹಿ, ಕಿವಿಯಲ್ಲಿ ಗುಂಯ್‌ಗುಡುವಿಕೆ, ರಕ್ತದ ಸಕ್ಕರೆ ಇಳಿಯುವ ಭೀತಿ. ಅರ್ಧದಲ್ಲಿ ಬಿಟ್ಟವರೇ ಬಹಳ.

ಕೊನೆಗೆ 2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆರ್ಟಿಮಿಥರ್ ಮತ್ತು ಲ್ಯೂಮಿಫ್ಯಾಂಟ್ರಿನ್ ಕೂಡಿದ ಮಾತ್ರೆಯನ್ನು ಮೊದಲ ಮೂರು ತಿಂಗಳಲ್ಲೂ ಕೊಡಬಹುದೆಂದು ಶಿಫಾರಸು ಮಾಡಿತು. ಅಂದರೆ ಐವತ್ತು ವರ್ಷಗಳ ನಂತರ! ಆ ತೀರ್ಮಾನಕ್ಕೆ ಬಲ ಕೊಟ್ಟ ಮುಖ್ಯ ವಿಶ್ಲೇಷಣೆಯಲ್ಲಿ 34,178 ಬಸುರುಗಳ ಮಾಹಿತಿಯಿತ್ತು. ಅವುಗಳಲ್ಲಿ ಮೊದಲ ಮೂರು ತಿಂಗಳಲ್ಲಿ ಆರ್ಟಿಮಿಸಿನಿನ್ ವರ್ಗದ ಔಷಧಿ ಪಡೆದವರು 737 ಮಂದಿ. ಅವರ ಬಸುರುಗಳಲ್ಲಿ ಕ್ವಿನೈನ್‌ನಂಥ ಇತರ ಮದ್ದು ಪಡೆದವರಿಗಿಂತ ಹೆಚ್ಚಿನ ಹಾನಿ ಕಂಡುಬರಲಿಲ್ಲ. ಗಮನಿಸಬೇಕಾದುದೇನೆಂದರೆ, ಇಂಥ ಮಾಹಿತಿ ಬಂದದ್ದು ಬಹುತೇಕ ವೀಕ್ಷಣೆಯಿಂದ. ತಾನು ಬಸುರಿಯೆಂದು ತಿಳಿಯುವ ಮೊದಲೇ ಮಾತ್ರೆ ನುಂಗಿದವರು, ಬೇರೆ ದಾರಿಯಿಲ್ಲದೆ ನುಂಗಿದವರು, ಇಂಥವರ ಲೆಕ್ಕವನ್ನು ವರ್ಷಗಟ್ಟಲೆ ಕೂಡಿಸಿ ಜಗತ್ತು ಒಂದು ಉತ್ತರ ಕಂಡುಕೊಂಡಿತು. ವ್ಯವಸ್ಥಿತ ಪರೀಕ್ಷೆಯಿಂದ ಹೊರಗಿಟ್ಟರೆ ಬಸುರಿ ಪ್ರಯೋಗದಿಂದ ಪಾರಾಗುತ್ತಾಳೆಂಬುದು ಭ್ರಮೆ. ಆಗ ಪ್ರತಿ ಬಸುರಿಯ ಚಿಕಿತ್ಸೆಯೂ ಒಂದು ಪ್ರಯೋಗವೇ ಆಗುತ್ತದೆ. ಅದಕ್ಕೆ ದಾಖಲೆಯಿಲ್ಲ, ಕಾವಲಿಲ್ಲ, ಹಾನಿಯಾದರೆ ಕೇಳುವವರಿಲ್ಲ.

ಹೊರಗಿಡುವ ನಿಲುವು ದುರುದ್ದೇಶದಿಂದ ಹುಟ್ಟಿದ್ದಲ್ಲ. 1957ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಎಂಬ ಮಾತ್ರೆಯನ್ನು ಬಸುರಿಯರ ವಾಕರಿಕೆಗೂ ಕೊಡಲಾಯಿತು. ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ ಮೇಲೆ 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ಆಘಾತದ ನಂತರ ಔಷಧಿ ಪರೀಕ್ಷೆಗಳಿಂದ ಬಸುರಿಯರನ್ನು ದೂರವಿಡುವುದೇ ರೂಢಿಯಾಯಿತು. ಆದರೆ ಥಾಲಿಡೊಮೈಡ್ ದುರಂತ ನಡೆದದ್ದು ಬಸುರಿಯರ ಮೇಲೆ ಸರಿಯಾದ ಪರೀಕ್ಷೆ ನಡೆದುದರಿಂದಲ್ಲ, ಪರೀಕ್ಷೆಯೇ ಇಲ್ಲದೆ ಮಾರಿದುದರಿಂದ ಎಂಬ ಸತ್ಯ ಬದಿಗೆ ಸರಿಯಿತು.

ಹಾಗೆಂದು ಬಡ ಹೆಣ್ಣುಮಕ್ಕಳ ಸಂಶಯವನ್ನು ಅಜ್ಞಾನವೆಂದು ತಳ್ಳಿಹಾಕುವವರೊಂದಿಗೆ ನಾವಿಲ್ಲ. ಆ ಸಂಶಯಕ್ಕೆ ನಮ್ಮ ದೇಶದ ಇತಿಹಾಸದಲ್ಲಿಯೇ ಆಧಾರವಿದೆ. ಕ್ವಿನಾಕ್ರಿನ್ ಎಂಬುದು ಒಂದು ಹಳೆಯ ಮಲೇರಿಯಾ ಔಷಧಿ. ಅದರ ಗುಳಿಗೆಗಳನ್ನು ಗರ್ಭಕೋಶದೊಳಗೆ ಇರಿಸಿ, ಅಂಡನಾಳಗಳಲ್ಲಿ ಗಾಯ ಕಟ್ಟುವಂತೆ ಮಾಡಿ, ಶಸ್ತ್ರಚಿಕಿತ್ಸೆಯಿಲ್ಲದೆ ಸಂತಾನಶಕ್ತಿ ಹರಣ ಮಾಡುವ ವಿಧಾನವನ್ನು ಅಮೆರಿಕದ ಕೆಲವರು ಬಡ ದೇಶಗಳಲ್ಲಿ ಹರಡಿದರು. ಸುರಕ್ಷತೆಯ ಪರೀಕ್ಷೆಗಳು ಮುಗಿಯುವವರೆಗೆ ಇದನ್ನು ಮಾನವರ ಮೇಲೆ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹೇಳಿದ ಮೇಲೂ ಭಾರತದಲ್ಲಿ ಖಾಸಗಿ ವೈದ್ಯರ ಮೂಲಕ ಸಾವಿರಾರು ಬಡ ಮಹಿಳೆಯರ ಮೇಲೆ ಅದು ನಡೆಯಿತು. ಜೆಎನ್‌ಯುವಿನ ಅಧ್ಯಾಪಕರೂ ಜನವಾದಿ ಮಹಿಳಾ ಸಂಘಟನೆಯೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಬಳಿಕ 1998ರಲ್ಲಿ ಅದಕ್ಕೆ ನಿಷೇಧ ಬಂತು. ಜ್ವರದ ಮದ್ದು ಹೆಣ್ಣಿನ ಒಡಲಿನ ವಿರುದ್ಧವೇ ಬಳಕೆಯಾದ ಈ ಕಥೆಯನ್ನು ಮರೆತವರು ಸಂಶಯದ ಬಗ್ಗೆ ಉಪದೇಶ ಮಾಡುವ ಅರ್ಹತೆ ಹೊಂದಿರುವುದಿಲ್ಲ.

ಇನ್ನೊಂದು ಉದಾಹರಣೆ 2009-10ರದು. ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಎಳೆಯ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಯಿತು. ಹಾಸ್ಟೆಲ್ ವಾರ್ಡನ್‌ಗಳೇ ಬಡ ಮಕ್ಕಳ ಪರವಾಗಿ ಒಪ್ಪಿಗೆಯ ಸಹಿ ಹಾಕಿದ್ದರು. 2010ರಲ್ಲಿ ಅಧ್ಯಯನವನ್ನು ನಿಲ್ಲಿಸಲಾಯಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ತೀವ್ರವಾಗಿ ಛೀಮಾರಿ ಹಾಕಿತು. ಹುಡುಗಿಯರ ಸಾವುಗಳಿಗೂ ಲಸಿಕೆಗೂ ಸಂಬಂಧವಿಲ್ಲವೆಂದು ಸರಕಾರಿ ತನಿಖೆ ಹೇಳಿತು. ಆ ಲಸಿಕೆ ಉಪಯುಕ್ತವೆಂದು ಜಗತ್ತು ಒಪ್ಪಿದೆ. ಆದರೆ ಒಳ್ಳೆಯ ಲಸಿಕೆಯನ್ನೂ ಕೆಟ್ಟ ರೀತಿಯಲ್ಲಿ ಕೊಟ್ಟರೆ ಜನರ ನಂಬಿಕೆ ಮುರಿಯುತ್ತದೆ. ಅದರ ಬೆಲೆಯನ್ನು ಮುಂದಿನ ತಲೆಮಾರಿನ ಹೆಣ್ಣುಮಕ್ಕಳು ತೆರಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ ನಮ್ಮ ರಾಜ್ಯದಲ್ಲೇ ಆಗಿರುವ ಒಳ್ಳೆಯ ಕೆಲಸಗಳನ್ನೂ ಹೇಳಬೇಕು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಮಹಿಳೆಯರು ಪಾಲ್ಗೊಂಡ ಪರೀಕ್ಷೆಯೊಂದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಹೆರಿಗೆಯಾದೊಡನೆ ಸಹಾಯಕ ದಾದಿಯರು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ತೀವ್ರ ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಇನ್ನರ್ಧ ಮಂದಿಗೆ ಔಷಧಿಯಿಲ್ಲದ ಹುಸಿ ಮಾತ್ರೆ ಕೊಟ್ಟದ್ದು ಸರಿಯೇ ಎಂಬ ಚರ್ಚೆಯೂ ನಡೆಯಿತು. ನಡೆಯಬೇಕಾದ ಚರ್ಚೆಯೇ ಅದು. ಆದರೆ ಬೆಳಗಾವಿಯ ಆ ತಾಯಂದಿರ ಸಹಭಾಗಿತ್ವದಿಂದ ಜಗತ್ತಿನ ಎಷ್ಟೋ ಬಡ ತಾಯಂದಿರಿಗೆ ಪ್ರಯೋಜನವಾಯಿತು. 2024ರ ಆರಂಭದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11,000 ಗರ್ಭಿಣಿಯರಲ್ಲಿ ಕ್ಯಾಲ್ಸಿಯಂ ಮಾತ್ರೆಯ ಪ್ರಮಾಣವನ್ನು ಕುರಿತು ನಡೆಸಿದ ಪರೀಕ್ಷೆಯ ಫಲಿತಾಂಶ ಹೊರಬಂತು. ತಾಂಜಾನಿಯಾದಲ್ಲೂ ಅಷ್ಟೇ ಮಂದಿಯಲ್ಲಿ ಅದೇ ಪರೀಕ್ಷೆ ನಡೆದಿತ್ತು. ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ ರಕ್ತದೊತ್ತಡದ ತೊಡಕನ್ನು ತಡೆಯುವಲ್ಲಿ 1,500 ಮಿಲಿಗ್ರಾಂಗೆ ಸಮವೆಂದು ಎರಡೂ ಕಡೆ ಕಂಡಿತು. ಅವಧಿಪೂರ್ವ ಹೆರಿಗೆಯ ವಿಷಯದಲ್ಲಿ ಮಾತ್ರ ಎರಡು ದೇಶಗಳ ಫಲಿತಾಂಶ ಒಂದೇ ಆಗಿರಲಿಲ್ಲ. ಎಲ್ಲೋ ನಡೆದ ಪರೀಕ್ಷೆ ಇಲ್ಲಿನ ತಾಯಿಗೆ ಹಾಗೆಯೇ ಅನ್ವಯಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ದಾದಿಯರು ಜೋಪಾನವಾಗಿ ಬರೆದಿಟ್ಟರು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರ ಅಧ್ಯಯನ ನಡೆದಾಗ ಅವರಲ್ಲಿ ಶೇ. 43ರಷ್ಟು ಮಂದಿಗೆ ಬಿ12 ಜೀವಸತ್ವದ ಕೊರತೆಯಿದ್ದುದು ಬೆಳಕಿಗೆ ಬಂತು. ಬಸುರಿನ ಪೋಷಣೆಗೂ ಮುಂದಿನ ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ಅರಿಯುವಲ್ಲಿ ಮೈಸೂರಿನ ತಾಯಂದಿರ ಪಾಲು ದೊಡ್ಡದು. ಇನ್ನೂ ಹಿಂದೆ ಹೋದರೆ, 1928ರಲ್ಲಿ ಮುಂಬಯಿಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಬಸುರಿಯರ ತೀವ್ರ ರಕ್ತಹೀನತೆಯ ಕಾರಣ ಹುಡುಕಿದರು. ಬಡ ಮುಸ್ಲಿಮ್ ಮಹಿಳೆಯರಲ್ಲಿ ಅದು ಹೆಚ್ಚಿತ್ತು. ಅವರ ಆಹಾರವನ್ನು ಶೋಧಿಸಿ, ಯೀಸ್ಟಿನ ಸಾರದಿಂದ ಅದು ವಾಸಿಯಾಗುವುದನ್ನು ತೋರಿಸಿದರು. ಇಂದು ಜಗತ್ತಿನ ಬಸುರಿಯರೆಲ್ಲ ನುಂಗುವ ಫೋಲಿಕ್ ಆಮ್ಲದ ಮಾತ್ರೆಯ ಹಿಂದೆ ಆ ಅನಾಮಿಕ ತಾಯಂದಿರಿದ್ದಾರೆ. ಜ್ಞಾನಕ್ಕೆ ನಮ್ಮ ಸಮುದಾಯದ ಹೆಣ್ಣುಮಕ್ಕಳು ಕೊಟ್ಟ ಈ ಕೊಡುಗೆ ನಮಗೇ ಗೊತ್ತಿಲ್ಲ.

ಈ ಫೋಲಿಕ್ ಆಮ್ಲಕ್ಕೂ ಮಲೇರಿಯಾಕ್ಕೂ ಒಂದು ಸಂಬಂಧವಿದೆ. ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಎಂಬ ಮಲೇರಿಯಾ ಮದ್ದು ರೋಗಾಣುವಿಗೆ ಫೋಲೇಟ್ ದೊರೆಯದಂತೆ ಮಾಡಿ ಅದನ್ನು ಕೊಲ್ಲುತ್ತದೆ. ಅದರ ಜೊತೆಗೆ 5 ಮಿಲಿಗ್ರಾಂನಷ್ಟು ದೊಡ್ಡ ಪ್ರಮಾಣದ ಫೋಲಿಕ್ ಆಮ್ಲ ಕೊಟ್ಟರೆ ಮದ್ದಿನ ಬಲ ಕುಂದುತ್ತದೆ. ಸರಕಾರದ ಕಬ್ಬಿಣಾಂಶದ ಮಾತ್ರೆಯಲ್ಲಿರುವುದು ಅರ್ಧ ಮಿಲಿಗ್ರಾಂ ಮಾತ್ರ. ಖಾಸಗಿಯಾಗಿ ಬರೆದುಕೊಡುವ ಮಾತ್ರೆಗಳಲ್ಲಿ 5 ಮಿಲಿಗ್ರಾಂ ಇರುವುದೂ ಉಂಟು. ಬಸುರಿಯರಲ್ಲಿ ಪರೀಕ್ಷೆ ನಡೆದುದರಿಂದಲೇ ಇಂಥ ಸೂಕ್ಷ್ಮಗಳು ಗೊತ್ತಾದವು. ಆಫ್ರಿಕಾದ ನಾಲ್ಕು ದೇಶಗಳಲ್ಲಿ 3,428 ಬಸುರಿಯರ ಮೇಲೆ ನಾಲ್ಕು ಬಗೆಯ ಮಲೇರಿಯಾ ಔಷಧಿಗಳನ್ನು ಹೋಲಿಸಿದ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ನಾಲ್ಕರಲ್ಲೂ ಗುಣ ಹೊಂದಿದವರು ಶೇ. 94ಕ್ಕಿಂತ ಹೆಚ್ಚು. ಅವುಗಳಲ್ಲಿ ಅಡ್ಡ ಪರಿಣಾಮ ಯಾವುದರಲ್ಲಿ ಕಡಿಮೆ ಎಂಬುದೂ ತಿಳಿಯಿತು. ಆ ಪರೀಕ್ಷೆಯಲ್ಲೂ ಮೊದಲ ಮೂರು ತಿಂಗಳಿನ ಬಸುರಿಯರಿರಲಿಲ್ಲ. ನಮ್ಮಲ್ಲಿ ಜಾರ್ಖಂಡಿನ ಹಳ್ಳಿಗಳಲ್ಲಿ, ಜ್ವರವಿಲ್ಲದಿದ್ದರೂ ಪ್ರತಿ ತಪಾಸಣೆಯಲ್ಲಿ ಬಸುರಿಯರ ರಕ್ತಪರೀಕ್ಷೆ ಮಾಡಿದರೆ ಲಾಭವಿದೆಯೇ ಎಂದು ನೋಡಲಾಯಿತು. 2019ರಲ್ಲಿ ಬಂದ ಫಲಿತಾಂಶದಲ್ಲಿ, ಜ್ವರ ಬಂದಾಗ ಪರೀಕ್ಷಿಸುವುದಕ್ಕಿಂತ ಅದು ಮೇಲೆಂದು ಕಾಣಲಿಲ್ಲ. ಇಂಥ ಉತ್ತರಕ್ಕೂ ಬೆಲೆಯಿದೆ. ವ್ಯರ್ಥವಾಗಿ ಎಷ್ಟೋ ಸೂಜಿ ಚುಚ್ಚುವುದು ಅದರಿಂದ ತಪ್ಪುತ್ತದೆ.

ಈಗ ಧರ್ಮದ ದೃಷ್ಟಿಯಿಂದ ನೋಡೋಣ. ಶರೀಅತ್ತಿನ ಉದ್ದೇಶಗಳೆಂದು ಇಮಾಮ್ ಗಝಾಲಿಯಂಥ ವಿದ್ವಾಂಸರು ಎಣಿಸಿದ ಐದರಲ್ಲಿ ಜೀವರಕ್ಷಣೆ ಒಂದು, ಸಂತಾನರಕ್ಷಣೆ ಇನ್ನೊಂದು. ಈ ಎರಡು ಒಂದೇ ದೇಹದಲ್ಲಿ ಕೂಡುವುದು ಬಸುರಿಯಲ್ಲಿ. ರಮಝಾನಿನ ಉಪವಾಸದಂಥ ಕಡ್ಡಾಯ ಕರ್ಮದಲ್ಲೂ ಆಕೆಗೆ ರಿಯಾಯಿತಿಯಿದೆ. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆಗಿಳಿದವನು ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಪ್ರತಿ ರೋಗಕ್ಕೂ ಮದ್ದಿದೆ ಎಂಬ ಅವರ ಬೋಧನೆ, ಅದನ್ನು ಹುಡುಕುವ ಹೊಣೆಯನ್ನೂ ನಮ್ಮ ಮೇಲೆ ಹೊರಿಸುತ್ತದೆ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತನ್ನ 'ಅಲ್ ಕಾನೂನ್'ನಲ್ಲಿ ಔಷಧಿಯನ್ನು ಪರೀಕ್ಷಿಸುವ ನಿಯಮಗಳನ್ನು ಬರೆದರು. ಪ್ರಾಣಿಯ ಮೇಲೆ ಕಂಡ ಗುಣ ಮನುಷ್ಯನಿಗೆ ಹಾಗೆಯೇ ಅನ್ವಯಿಸದೆ ಹೋಗಬಹುದು, ಆದ್ದರಿಂದ ಮನುಷ್ಯ ದೇಹದಲ್ಲಿಯೇ ಅದು ಖಚಿತವಾಗಬೇಕು ಎಂಬುದು ಅವುಗಳಲ್ಲೊಂದು. ಪರೀಕ್ಷೆ ಎಂಬ ಪದಕ್ಕೇ ಬೆಚ್ಚುವವರು ನಮ್ಮ ಪರಂಪರೆಯನ್ನೊಮ್ಮೆ ತಿರುವಿ ನೋಡಲಿ. ನಂಜನಗೂಡಿನ ದೇವರನ್ನು ಟಿಪ್ಪು ಸುಲ್ತಾನ್ 'ಹಕೀಮ್ ನಂಜುಂಡ' ಎಂದು ಕರೆದನೆಂಬ ಜನಜನಿತ ಮಾತು ಇಂದಿಗೂ ಆ ಊರಲ್ಲಿದೆ. ಗುಣಪಡಿಸುವ ವಿದ್ಯೆಗೆ ಮತದ ಗೋಡೆಗಳಿಲ್ಲ ಎಂಬ ತಿಳಿವಳಿಕೆ ಈ ಮಣ್ಣಿನದು.

ಆದರೆ ಒಪ್ಪಿಗೆಯ ಪ್ರಶ್ನೆಯಲ್ಲಿ ನಾವು ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ. ಸ್ವಂತ ಆಸ್ತಿಯ ಮೇಲೆ ಹೆಣ್ಣಿಗೆ ಪೂರ್ಣ ಹಕ್ಕು ಕೊಟ್ಟ, ಆಕೆಯ ಒಪ್ಪಿಗೆಯಿಲ್ಲದೆ ನಿಕಾಹ್ ಸಲ್ಲದೆಂದ ಧರ್ಮ ನಮ್ಮದು. ಹೀಗಿರುವಾಗ ಆಕೆಯ ದೇಹಕ್ಕೆ ಸಂಬಂಧಿಸಿದ ಕಾಗದಕ್ಕೆ ಗಂಡನೋ ಮಾವನೋ ಸಹಿ ಹಾಕುವುದು, ಆಕೆ ಬಾಗಿಲ ಹಿಂದೆ ನಿಲ್ಲುವುದು ಯಾವ ಇಸ್ಲಾಮ್? ಗಂಡನೊಂದಿಗೆ ಸಮಾಲೋಚನೆ ನಡೆಯಲಿ, ಅದು ಮನೆಯ ಸೌಹಾರ್ದಕ್ಕೆ ಒಳ್ಳೆಯದು. ತೀರ್ಮಾನ ಆಕೆಯದಾಗಿರಲಿ. ಬೇಡವೆನ್ನುವ ಹಕ್ಕೂ, ನಡುವೆ ಹೊರಬರುವ ಹಕ್ಕೂ ಆಕೆಯದೇ.

ಕಾನೂನು ಈ ವಿಷಯದಲ್ಲಿ ಆಕೆಯ ಪರವಾಗಿದೆ ಎಂಬುದನ್ನು ಎಷ್ಟು ಕುಟುಂಬಗಳು ಬಲ್ಲವು? ಭಾರತದಲ್ಲಿ ನಡೆಯುವ ಪ್ರತಿ ಔಷಧಿ ಪರೀಕ್ಷೆಯನ್ನೂ ಮೊದಲೇ ಸರಕಾರಿ ನೋಂದಣಿ ಪಟ್ಟಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಪರೀಕ್ಷೆ ನಿಯಮಗಳ ಪ್ರಕಾರ, ಓದಲು ಬಾರದವರಿಗೆ ವಿಷಯ ವಿವರಿಸುವಾಗ ಹೊರಗಿನ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಲೇಬೇಕು. ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಪ್ರತಿ ಪರೀಕ್ಷೆಗೂ ನೀತಿ ಸಮಿತಿಯ ಅನುಮತಿ ಬೇಕು. ಅದರಲ್ಲಿ ಕನಿಷ್ಠ ಏಳು ಸದಸ್ಯರು, ಅವರಲ್ಲಿ ಅರ್ಧದಷ್ಟು ಆ ಸಂಸ್ಥೆಗೆ ಸೇರದವರು, ಒಬ್ಬ ಮಹಿಳೆ, ಒಬ್ಬ ಸಾಮಾನ್ಯ ನಾಗರಿಕ ಇರಬೇಕು. ಸಮಾಜ ವಿಜ್ಞಾನಿ, ತತ್ವಶಾಸ್ತ್ರಜ್ಞ ಅಥವಾ ಧರ್ಮಶಾಸ್ತ್ರಜ್ಞರಿಗೂ ಅಲ್ಲಿ ಸ್ಥಾನವಿದೆ. ಕಾನೂನು ತೆರೆದಿಟ್ಟಿರುವ ಈ ಬಾಗಿಲನ್ನು ನಮ್ಮ ಉಲೇಮಾಗಳೂ ವಿದ್ಯಾವಂತ ಸಹೋದರಿಯರೂ ಗಮನಿಸಬೇಕು. ಚಂದ್ರದರ್ಶನದ ಸಮಿತಿಯಲ್ಲಿ ಸ್ಥಾನಕ್ಕಾಗಿ ತೋರುವ ಉತ್ಸಾಹದಲ್ಲಿ ಕಾಲು ಭಾಗವನ್ನು ಇಲ್ಲಿ ತೋರಿದರೂ ಎಷ್ಟೋ ತಾಯಂದಿರಿಗೆ ರಕ್ಷಣೆಯಾದೀತು.

ಸರಕಾರದ ಮುಂದೆ ನಮ್ಮ ಬೇಡಿಕೆಗಳು ಸ್ಪಷ್ಟ. ಮಲೇರಿಯಾ ಕಡಿಮೆಯಾಯಿತೆಂದು ನಂಜನಗೂಡು, ಟಿ. ನರಸೀಪುರಗಳಂಥ ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತಪರೀಕ್ಷೆಯ ಕಿಟ್ಟುಗಳೂ ಮದ್ದೂ ಖಾಲಿಯಾಗದಿರಲಿ. ಜ್ವರ ಬಂದ ಪ್ರತಿ ಬಸುರಿಗೂ, ಅದರಲ್ಲೂ ಪರಊರಿನಿಂದ ಬಂದವಳಿಗೆ, ಮಲೇರಿಯಾ ಪರೀಕ್ಷೆ ನಡೆಯಲಿ. ಆಕೆ ಪಡೆದ ಮದ್ದು, ಹೆರಿಗೆಯ ಫಲ, ಮಗುವಿನ ತೂಕ ತಾಯಿ ಕಾರ್ಡಿನಲ್ಲಿ ದಾಖಲಾಗಲಿ. ಅಂಥ ದಾಖಲೆಗಳೆಲ್ಲ ಒಂದೆಡೆ ಸೇರಿದರೆ ಮುಂದಿನ ಐವತ್ತು ವರ್ಷ ಕಾಯುವ ಅಗತ್ಯ ಬೀಳದು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಮನೆಯಲ್ಲಿ ಉರ್ದು ಆಡುವ ತಾಯಂದಿರಿಗೆ ಉರ್ದುವಿನಲ್ಲೂ ಇರಲಿ. ಪರೀಕ್ಷೆಯಿಂದ ಒಳ್ಳೆಯ ಮದ್ದೆಂದು ಸಾಬೀತಾದರೆ, ಯಾವ ಊರಿನ ತಾಯಂದಿರು ತಮ್ಮ ದೇಹವನ್ನು ಪರೀಕ್ಷೆಗೊಡ್ಡಿದರೋ ಆ ಊರಿನ ಸರಕಾರಿ ಆಸ್ಪತ್ರೆಗೆ ಅದು ಮೊದಲು ಬರಲಿ. ಬಡವರ ಮೇಲೆ ಪರೀಕ್ಷೆ, ಉಳ್ಳವರಿಗೆ ಮದ್ದು ಎಂಬ ವ್ಯವಸ್ಥೆಯನ್ನು ನಾವು ಒಪ್ಪಲಾರೆವು.

ಸಮುದಾಯದ ಕರ್ತವ್ಯವೂ ಕಡಿಮೆಯಲ್ಲ. ಜ್ವರ ಬಂದ ಬಸುರಿಯನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಎಷ್ಟನೆಯ ತಿಂಗಳು, ಇತ್ತೀಚೆಗೆ ಯಾವ ಊರಿಗೆ ಹೋಗಿದ್ದಳು, ಯಾವ ಮಾತ್ರೆಗಳನ್ನು ನುಂಗುತ್ತಿದ್ದಾಳೆ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿರಿ. ಬಸುರನ್ನು ಮೊದಲ ಮೂರು ತಿಂಗಳು ಮುಚ್ಚಿಡುವ ವಾಡಿಕೆ ವೈದ್ಯರ ಮುಂದೆ ಬೇಡ, ಮದ್ದು ಹೆಚ್ಚು ಎಚ್ಚರ ಬೇಡುವುದು ಆಗಲೇ. ನೀರಿನ ತೊಟ್ಟಿ, ಟ್ಯಾಂಕುಗಳನ್ನು ಮುಚ್ಚಿಡಿರಿ, ಬಸುರಿ ಸೊಳ್ಳೆ ಪರದೆಯೊಳಗೆ ಮಲಗಲಿ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಆಕೆಯನ್ನು ಸಂಶಯದಿಂದ ನೋಡದೆ ಒಳಗೆ ಕೂರಿಸಿರಿ. ಮಸೀದಿ ಜಮಾಅತ್‌ಗಳು ವರ್ಷದಲ್ಲಿ ಒಂದೆರಡು ಖುತ್ಬಾಗಳನ್ನಾದರೂ ತಾಯಿಯ ಆರೋಗ್ಯಕ್ಕೆ ಮೀಸಲಿಡಲಿ. ಮಹಿಳೆಯರ ಸಾಪ್ತಾಹಿಕ ಕೂಟಗಳಿಗೆ ತಾಲ್ಲೂಕು ಆಸ್ಪತ್ರೆಯ ವೈದ್ಯೆಯನ್ನು ಆಹ್ವಾನಿಸಲಿ.

ಪರೀಕ್ಷೆಯ ಕಾಗದವೇ ಮುಂದೆ ಬಂದರೆ ಸಹೋದರಿಯರು ಕೇಳಬೇಕಾದ ಪ್ರಶ್ನೆಗಳಿವೆ. ಇದು ಚಿಕಿತ್ಸೆಯೋ ಪರೀಕ್ಷೆಯೋ? ಈ ಮದ್ದನ್ನು ಈ ಮೊದಲು ಬಸುರಿಯರಿಗೆ ಕೊಟ್ಟಿದ್ದಾರೆಯೇ, ಅವರ ಮಕ್ಕಳು ಹೇಗಿದ್ದಾರೆ? ಒಪ್ಪದಿದ್ದರೆ ನನಗೆ ಸಿಗಬೇಕಾದ ಮಾಮೂಲಿ ಚಿಕಿತ್ಸೆ ಸಿಗುತ್ತದೆಯೇ? ಹಾನಿಯಾದರೆ ಯಾರು ಹೊಣೆ, ಯಾವ ನಂಬರಿಗೆ ಫೋನ್ ಮಾಡಬೇಕು? ಹೆರಿಗೆಯ ನಂತರ ಮಗುವನ್ನು ಎಷ್ಟು ಕಾಲ ನೋಡಿಕೊಳ್ಳುತ್ತೀರಿ? ಈ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುವವರನ್ನು ನಂಬಬಹುದು. ಗದರಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರ ಕಾಗದವನ್ನು ಅಲ್ಲಿಯೇ ಬಿಟ್ಟು ಬರಬೇಕು.

ಒಂದು ಜೀವದ ರಕ್ಷಣೆಯನ್ನು ಕುರ್‌ಆನ್ ಇಡೀ ಮಾನವಕುಲದ ರಕ್ಷಣೆಗೆ ಸಮನಾಗಿ ಕಾಣುತ್ತದೆ. ಬಸುರಿಯ ವಿಷಯದಲ್ಲಿ ನಮ್ಮ ಹೊಣೆ ಎರಡು ಜೀವಗಳದು. ಆಕೆಯನ್ನು ಕೈಗೆ ಸಿಕ್ಕ ಬಡ ದೇಹವೆಂದು ಬಳಸಿಕೊಳ್ಳುವುದು ಅನ್ಯಾಯ. ಮುಟ್ಟಿದರೆ ಅಪಾಯವೆಂದು ಜ್ಞಾನದ ಬಾಗಿಲ ಹೊರಗೆ ನಿಲ್ಲಿಸುವುದೂ ಅನ್ಯಾಯವೇ. ಆಕೆಯನ್ನು ವಿವೇಕವುಳ್ಳ ಮನುಷ್ಯಳೆಂದು ಗೌರವಿಸಿ, ತಿಳಿಸಿ, ಕೇಳಿ, ಕಾವಲಿದ್ದು ನಡೆಸುವ ಪರೀಕ್ಷೆಯನ್ನು ನಾವು ಬೆಂಬಲಿಸುತ್ತೇವೆ. ಉಳಿದದ್ದನ್ನು ವಿರೋಧಿಸುತ್ತೇವೆ. ಇವೆರಡರ ಅಂತರವನ್ನು ಗುರುತಿಸುವ ತಿಳಿವಳಿಕೆಯನ್ನು ಪ್ರತಿ ಮನೆಗೂ ತಲುಪಿಸುವ ಕೆಲಸ ಮಾತ್ರ ಯಾವ ಇಲಾಖೆಯದೂ ಅಲ್ಲ, ನಮ್ಮದೇ.